ನಿರೀಕ್ಷೆಯ ಪಾಠ: ಹದಿಹರೆಯದವರಿಗೆ ಏನು ಹೇಳೋಣ?

ನಿಮ್ಮ ಮನೆಯಲ್ಲಿ ಹತ್ತನೆಯ ಇಲ್ಲವೇ ಹನ್ನೆರಡನೆಯ ತರಗತಿಯ ಮಕ್ಕಳಿದ್ದರೆ, 'ಮುಂದೆ ಏನು?' ಎಂಬ ಪ್ರಶ್ನೆ ನಿಮಗೆ ಹೊಸದಲ್ಲ. ಪಕ್ಕದ ಮನೆಯವರು ಕೇಳುತ್ತಾರೆ, ಸಂಘದ ಸಭೆಯಲ್ಲಿ ಕಾಫಿ ಕುಡಿಯುತ್ತಾ ಕೇಳುತ್ತಾರೆ, ಊರಿನಿಂದ ಫೋನ್ ಮಾಡುವ ಚಿಕ್ಕಪ್ಪನೂ ಕೇಳುತ್ತಾನೆ. ಮಕ್ಕಳೂ ಜಾಣರು, ಒಂದು ಉತ್ತರ ಬಾಯಿಪಾಠ ಮಾಡಿಟ್ಟುಕೊಂಡಿರುತ್ತಾರೆ. ಕೇಳಿದವರು ಹೋದ ಮೇಲೆ ಆ ಮಗು ತನ್ನ ಮನಸ್ಸಿನಲ್ಲಿ ಏನು ಹೇಳಿಕೊಳ್ಳುತ್ತದೆ ಎಂಬುದು ಬೇರೆಯೇ ಮಾತು.

ಲೋಧಿ ಕಾಲೋನಿಯ ನಮ್ಮ ಮನೆಯಲ್ಲಿ ಭಾನುವಾರ ಮಧ್ಯಾಹ್ನ ಕನ್ನಡ ಕ್ರೈಸ್ತ ಕುಟುಂಬಗಳ ಏಳೆಂಟು ಹದಿಹರೆಯದ ಮಕ್ಕಳು ಸೇರುತ್ತಾರೆ. ಬೀದರ್ ಕಡೆಯ ಮೆಥೊಡಿಸ್ಟರು, ಧಾರವಾಡ, ಉಡುಪಿ ಕಡೆಯ ಸಿ.ಎಸ್.ಐ.ನವರು, ಒಂದಿಬ್ಬರು ಕಥೋಲಿಕರು. ಅವರ ಕನ್ನಡಕ್ಕೆ ಅರ್ಧ ಹಿಂದಿ ಬೆರೆತಿರುತ್ತದೆ, ಅದಿರಲಿ. ಈ ಪತ್ರಿಕೆಯ ಓದುಗರಲ್ಲಿ ಹೆಚ್ಚಿನವರು ಕ್ರೈಸ್ತರಲ್ಲ ಎಂಬುದು ನನಗೆ ಗೊತ್ತು. ಆದರೂ ಇಲ್ಲಿ ಬರೆಯುತ್ತಿರುವುದು ಏಕೆಂದರೆ, ನಾವು ಓದುವ ಗ್ರಂಥ ಬೇರೆಯಾದರೂ ನಮ್ಮ ಮಕ್ಕಳ ಭಯ ಒಂದೇ.

ಕ್ರೈಸ್ತರ ಮನೆಗಳ ಕ್ಯಾಲೆಂಡರುಗಳಲ್ಲಿ, ಉಡುಗೊರೆ ಕಾರ್ಡುಗಳಲ್ಲಿ, ಈಗ ಮೊಬೈಲ್ ಪರದೆಯ ಮೇಲೂ ಪದೇ ಪದೇ ಕಾಣುವ ಒಂದು ವಾಕ್ಯವಿದೆ. ಪ್ರವಾದಿ ಯೆರೆಮೀಯನ ಗ್ರಂಥದ 29ನೆಯ ಅಧ್ಯಾಯದ 11ನೆಯ ವಚನ. ದೇವರು ತನ್ನ ಜನರಿಗೆ ಕೇಡನ್ನಲ್ಲ, ಹಿತವನ್ನೇ ಯೋಚಿಸಿದ್ದಾನೆ, ಅವರಿಗೊಂದು ಮುಂದಿನ ಕಾಲವುಂಟು ಎಂಬುದು ಅದರ ತಾತ್ಪರ್ಯ. ಬೋರ್ಡ್ ಪರೀಕ್ಷೆಗೆ ಹೊರಟ ಮಗುವಿನ ಕೈಗೆ ಇದನ್ನೇ ಬರೆದು ಕೊಡುತ್ತೇವೆ. ಮಗು ಅದನ್ನು ಹೇಗೆ ಓದಿಕೊಳ್ಳುತ್ತದೆ? ಸೀಟು ಸಿಗುತ್ತದೆ ಎಂಬ ಗ್ಯಾರಂಟಿ ಕಾರ್ಡಿನಂತೆ.

ಸೀಟು ಸಿಗದಿದ್ದರೆ? ಒಮ್ಮೆ ಒಬ್ಬಳು ಹುಡುಗಿ ಕೇಳಿಯೇ ಬಿಟ್ಟಳು: "ಆಂಟಿ, ದೇವರ ಯೋಜನೆಯಲ್ಲಿ ನನ್ನ ಕಂಪಾರ್ಟ್‌ಮೆಂಟೂ ಇತ್ತಾ?" (ಆ ಪರೀಕ್ಷೆಗೆ ಈಗ ಸಪ್ಲಿಮೆಂಟರಿ ಎಂದು ಹೆಸರಾಗಿದೆ. ಮಕ್ಕಳ ಬಾಯಲ್ಲಿ ಇನ್ನೂ ಕಂಪಾರ್ಟ್‌ಮೆಂಟೇ.) ಉಳಿದವರು ನಗಲಿಲ್ಲ. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ಅಂದು ನಾವು ಆ ಒಂದು ವಚನವನ್ನು ಬಿಟ್ಟು ಇಡೀ ಅಧ್ಯಾಯವನ್ನು ಓದಿದೆವು.

ಅದು ಅಧ್ಯಾಯವೆನ್ನುವುದಕ್ಕಿಂತ ಒಂದು ಪತ್ರ. ಕ್ರಿ.ಪೂ. 597ರಲ್ಲಿ ಬಾಬೆಲಿನ ಅರಸ ನೆಬೂಕದ್ನೆಚ್ಚರನು ಯೆರೂಸಲೇಮಿನ ಸಾವಿರಾರು ಜನರನ್ನು ಸೆರೆಹಿಡಿದು ತನ್ನ ದೇಶಕ್ಕೆ ಸಾಗಿಸಿದ. ಭಾಷೆ ಬೇರೆ, ದೇವರು ಬೇರೆ, ಊಟ ಬೇರೆ. ಯಾವಾಗ ಊರಿಗೆ ಹಿಂತಿರುಗುತ್ತೇವೆ ಎಂಬುದೊಂದೇ ಅವರ ಯೋಚನೆ. ಆಗ ಹನನ್ಯನೆಂಬ ಪ್ರವಾದಿ ಎದ್ದು ನಿಂತು, ಎರಡೇ ವರ್ಷ, ಎಲ್ಲವೂ ಮೊದಲಿನಂತಾಗುತ್ತದೆ ಎಂದು ಸಾರಿದ. ಜನಕ್ಕೆ ಬೇಕಾದದ್ದೂ ಅದೇ. ದೆಹಲಿಯ ಕೋಚಿಂಗ್ ಸೆಂಟರುಗಳ ಜಾಹೀರಾತು ನೋಡಿದ ಮಕ್ಕಳಿಗೆ ಈ ಹನನ್ಯನನ್ನು ಬಿಡಿಸಿ ಹೇಳಬೇಕಾಗಲಿಲ್ಲ! ಎರಡು ವರ್ಷದ ಕೋರ್ಸು, ಆಮೇಲೆ ಬದುಕೆಲ್ಲ ಬಂಗಾರ.

ಯೆರೆಮೀಯ ಬರೆದದ್ದು ಎರಡಲ್ಲ, ಎಪ್ಪತ್ತು ವರ್ಷ ಎಂದು. ನಮ್ಮ ಹುಡುಗನೊಬ್ಬ ಕೂಡಲೇ ಲೆಕ್ಕ ಹಾಕಿದ: ಆಗ ಹದಿನೈದು ವರ್ಷದವನಾಗಿದ್ದವನಿಗೆ ಬಿಡುಗಡೆಯ ಹೊತ್ತಿಗೆ ಎಂಬತ್ತೈದು. ಅಂದರೆ ಪತ್ರ ಕೇಳಿಸಿಕೊಂಡವರಲ್ಲಿ ಬಹುಪಾಲು ಜನ ಊರು ನೋಡದೆಯೇ ಸಾಯುವವರು. ಅಂಥವರಿಗೆ ಮುಂದಿನ ಕಾಲವುಂಟು ಎಂದರೆ ಏನರ್ಥ? ಉತ್ತರ ಅದೇ ಪತ್ರದಲ್ಲಿದೆ, ಕಾರ್ಡುಗಳಲ್ಲಿ ಅಚ್ಚಾಗದ ಭಾಗದಲ್ಲಿ. ಮನೆ ಕಟ್ಟಿಕೊಳ್ಳಿ, ತೋಟ ಹಾಕಿ ಅದರ ಫಲ ತಿನ್ನಿ, ಮಕ್ಕಳ ಮದುವೆ ಮಾಡಿ, ನೀವು ಸೆರೆಬಂದಿರುವ ಆ ಪರಸ್ಥಳದ ಕ್ಷೇಮಕ್ಕಾಗಿಯೇ ದುಡಿಯಿರಿ, ಪ್ರಾರ್ಥಿಸಿರಿ ಎನ್ನುತ್ತಾನೆ ಪ್ರವಾದಿ. ಅದರ ಕ್ಷೇಮದಲ್ಲಿಯೇ ನಿಮ್ಮ ಕ್ಷೇಮವೂ ಇದೆಯಂತೆ. ಶತ್ರುವಿನ ರಾಜಧಾನಿಯ ಬಗ್ಗೆ ಹೇಳಿದ ಮಾತಿದು ಎಂಬುದನ್ನು ಮರೆಯಬಾರದು.

ಇದು ದೆಹಲಿ ಕನ್ನಡಿಗರಿಗೆ ಅರ್ಥವಾಗದ ಮಾತೇ? ನಮ್ಮನ್ನು ಯಾರೂ ಸೆರೆಹಿಡಿದು ತಂದಿಲ್ಲ, ನಿಜ. ನೌಕರಿಯ ಆರ್ಡರ್ ಹಿಡಿದು ಬಂದವರು. ಆದರೂ ಲೋಧಿ ಕಾಲೋನಿಯ ಮಕ್ಕಳಿಗೆ ಒಂದು ವಿಷಯ ಚಿಕ್ಕಂದಿನಿಂದಲೇ ಗೊತ್ತು. 1940ರ ದಶಕದಲ್ಲಿ ಬ್ರಿಟಿಷರು ಕಟ್ಟಿಸಿದ ಈ ದೊಡ್ಡ ಕಮಾನುಗಳ ಮನೆಗಳು ಸರಕಾರದವು. ಅಪ್ಪ ನಿವೃತ್ತರಾದ ಕೆಲವೇ ತಿಂಗಳಲ್ಲಿ ಕ್ವಾರ್ಟರ್ಸ್ ಬಿಡಬೇಕು. ಹಾಗೆಂದು ಹಿರಿಯರು ಪೆಟ್ಟಿಗೆ ಕಟ್ಟಿಕೊಂಡು ಕೂರಲಿಲ್ಲ. ಇಲ್ಲೇ ಹತ್ತಿರದ ಲೋಧಿ ಎಸ್ಟೇಟಿನಲ್ಲಿ ಕನ್ನಡ ಶಾಲೆ ಎದ್ದಿತು, ಆರ್.ಕೆ. ಪುರಂನಲ್ಲಿ ಕರ್ನಾಟಕ ಸಂಘದ ಕಟ್ಟಡ ಎದ್ದಿತು. ಮಕ್ಕಳಿಗೆ ಯೆರೆಮೀಯನ ತೋಟವೆಂದರೆ ಏನೆಂದು ತೋರಿಸಲು ಬಾಬೆಲಿನವರೆಗೆ ಹೋಗಬೇಕಾಗಿಲ್ಲ.

ಇದೇ ಪ್ರವಾದಿಯ ಇನ್ನೊಂದು ಕಥೆ ನನಗೆ ಇನ್ನೂ ಪ್ರಿಯ. ಯೆರೂಸಲೇಮಿಗೆ ಮತ್ತೆ ಮುತ್ತಿಗೆ ಬಿದ್ದಿದೆ, ಯೆರೆಮೀಯ ಕಾವಲಿನಲ್ಲಿದ್ದಾನೆ, ಊರು ಬೀಳುವುದು ಖಂಡಿತವೆಂದು ಅವನೇ ಹೇಳಿದ್ದಾನೆ. ಆ ಹೊತ್ತಿನಲ್ಲಿ ತನ್ನ ಹುಟ್ಟೂರು ಅನಾತೋತಿನಲ್ಲಿ ಒಂದು ಹೊಲವನ್ನು 17 ತೊಲ ಬೆಳ್ಳಿ ಕೊಟ್ಟು ಕೊಳ್ಳುತ್ತಾನೆ! ಸಾಕ್ಷಿಗಳ ಸಹಿ ಹಾಕಿಸುತ್ತಾನೆ. ಮುದ್ರೆ ಹಾಕಿದ್ದೊಂದು ಪ್ರತಿ, ತೆರೆದಿಟ್ಟದ್ದೊಂದು ಪ್ರತಿ, ಎರಡನ್ನೂ ಬಹುಕಾಲ ಬಾಳಲೆಂದು ಮಣ್ಣಿನ ಗಡಿಗೆಯಲ್ಲಿ ಇಡಿಸುತ್ತಾನೆ. ಸೆಕ್ಷನ್ ಆಫೀಸರರ ಮಕ್ಕಳಲ್ಲವೇ, ಡುಪ್ಲಿಕೇಟ್ ಕಾಪಿಯ ಮಹತ್ವ ಅವರಿಗೆ ಬೇಗ ತಿಳಿಯಿತು. ನಾಳೆ ಈ ನೆಲದಲ್ಲಿ ಮತ್ತೆ ಕೊಡುಕೊಳ್ಳುವಿಕೆ ನಡೆಯುತ್ತದೆ ಎಂದು ಅವನು ನಂಬಿದ್ದ, ನಂಬಿದ್ದರಿಂದ ಇಂದೇ ಹಣ ಎಣಿಸಿ ಕೊಟ್ಟ.

ಇಲ್ಲಿ ಒಂದು ಶಬ್ದದ ಮಾತು. ಬಿ.ಎ.ಯಲ್ಲಿ ಇಂಗ್ಲಿಷ್ ಓದಿದವಳು ನಾನು, ಆದರೂ 'ಹೋಪ್' ಎಂಬ ಶಬ್ದ ನನಗೆ ಸ್ವಲ್ಪ ಸಡಿಲವೆನಿಸುತ್ತದೆ. ನಾಳೆ ಮಳೆ ಬರದಿದ್ದರೆ ಸಾಕು ಎನ್ನುವುದಕ್ಕೂ ಅದೇ, ದೇವರ ಮೇಲಿನ ಭರವಸೆಗೂ ಅದೇ. ಮಕ್ಕಳ ಹಿಂದಿಯಲ್ಲಿ ಆಶಾ ಇದೆ, ಉಮ್ಮೀದ್ ಇದೆ. ನಮ್ಮ ಕನ್ನಡ ಸತ್ಯವೇದದಲ್ಲಿ ಆರಿಸಿಕೊಂಡಿರುವ ಶಬ್ದ 'ನಿರೀಕ್ಷೆ'. ನಂಬಿಕೆ, ನಿರೀಕ್ಷೆ, ಪ್ರೀತಿ ಎಂದು ಕ್ರೈಸ್ತರು ಮೂರನ್ನು ಒಟ್ಟಿಗೆ ಹೇಳುವುದು ವಾಡಿಕೆ. ನಿರೀಕ್ಷೆಯ ಒಳಗೆ ಈಕ್ಷಣೆ ಇದೆ, ಅಂದರೆ ನೋಡುವುದು. ಅಚ್ಚಗನ್ನಡದಲ್ಲಿ ಎದುರುನೋಡುವುದು. ಆಫೀಸಿನಿಂದ ತಡವಾಗಿ ಬರುವವರಿಗಾಗಿ ನಾವು ಒಂದು ತಟ್ಟೆ ಊಟ ಮುಚ್ಚಿಡುತ್ತೇವಲ್ಲ, ಅದು ಬರೀ ಆಸೆಯೇ? ಬರುತ್ತಾರೆಂದು ಗೊತ್ತು, ಎಷ್ಟು ಹೊತ್ತಿಗೆಂದು ಗೊತ್ತಿಲ್ಲ.

ಕನ್ನಡ ನಾಡಿನ ಕ್ರೈಸ್ತರ ಚರಿತ್ರೆಯಲ್ಲೇ ಇದಕ್ಕೆ ಉದಾಹರಣೆಗಳಿವೆ. ನಮ್ಮ ಮಕ್ಕಳಿಗೆ ಅಮೆರಿಕದ ಬೋಧಕರ ಹೆಸರು ಗೊತ್ತು, ಇವರ ಹೆಸರು ಗೊತ್ತಿಲ್ಲ. 1844ರ ಜನವರಿಯಲ್ಲಿ ಮಂಗಳೂರಿನಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ತರುಣ, ಬಾಸೆಲ್ ಮಿಷನ್ನಿನ ಇಂಗ್ಲಿಷ್ ಶಾಲೆಯಲ್ಲಿ ಓದುತ್ತಿದ್ದವನು, ಇಬ್ಬರು ಗೆಳೆಯರೊಂದಿಗೆ ದೀಕ್ಷಾಸ್ನಾನ ಪಡೆದ. ಊರಲ್ಲಿ ದೊಡ್ಡ ಗಲಾಟೆಯಾಯಿತು. ಅದು ಸರಿಯೇ ತಪ್ಪೇ ಎಂದು ವಾದಿಸುವ ಜಾಗ ಇದಲ್ಲ. ನಾನು ಮಕ್ಕಳ ಮುಂದೆ ಇಡುವುದು ಇಷ್ಟೇ: ಹತ್ತೊಂಬತ್ತರ ಆಸುಪಾಸಿನ ಹುಡುಗ, ಹಿಂದಿನ ಬಾಗಿಲು ಮುಚ್ಚಿದೆ, ಮುಂದಿನದು ಕಾಣುತ್ತಿಲ್ಲ. ಆತ ಬಾಸೆಲ್‌ಗೆ ಹೋಗಿ ಓದಿ 1851ರಲ್ಲಿ ಪಾದ್ರಿಯಾಗಿ ಮರಳಿ, ಮಂಗಳೂರಿನಲ್ಲಿ ತನ್ನಂಥ ತರುಣರಿಗೇ ಪಾಠ ಹೇಳಿದ.

ಹಾಗೆ ಮನೆ, ಕುಲವೃತ್ತಿ ಎರಡನ್ನೂ ಕಳೆದುಕೊಂಡು ಬಂದವರು ಬಹಳ ಜನ. ಅವರಿಗೆ ಪರಲೋಕದ ಮಾತೊಂದನ್ನೇ ಹೇಳಿದ್ದರೆ ಸಾಲುತ್ತಿತ್ತೇ? ಮಿಷನ್ 1841ರಲ್ಲಿ ಮುದ್ರಣಾಲಯ ತೆರೆದಿತ್ತು. ನೇಯ್ಗೆ ಬಂತು. 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಬಂತು. ಮಂಗಳೂರು ಹೆಂಚು ಎಂದು ನಾವೆಲ್ಲ ಅನ್ನುತ್ತೇವಲ್ಲ, ಅದರ ಮೂಲದಲ್ಲಿ 'ನಾಳೆ ನನ್ನ ಹೊಟ್ಟೆಗೇನು' ಎಂದು ಕೇಳಿದ ಜನರೂ ಇದ್ದರು. ಅಲ್ಲಿನ ಶಿಸ್ತು ಬಹಳ ಕಟ್ಟುನಿಟ್ಟು, ಗಡಿಯಾರದ ಆಳ್ವಿಕೆ. ಆದರೂ ನಿರೀಕ್ಷೆಗೆ ಒಂದು ಕೈಕಸುಬು ಬೇಕು ಎಂಬುದನ್ನು ಅವರು ಬಲ್ಲವರಾಗಿದ್ದರು.

ಹೆಣ್ಣುಮಕ್ಕಳಿಗೆ ಪಂಡಿತಾ ರಮಾಬಾಯಿಯ ಕಥೆ ಹೇಳುತ್ತೇನೆ. ಕಾರ್ಕಳದ ಬಳಿಯ ಮಾಳದ ಅನಂತ ಶಾಸ್ತ್ರಿ ಡೋಂಗ್ರೆಯವರ ಮಗಳು, ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದವಳು. ಹದಿನಾರರ ವಯಸ್ಸಿನಲ್ಲಿ ಕ್ಷಾಮದಿಂದ ತಂದೆತಾಯಿಯರನ್ನು ಕಳೆದುಕೊಂಡು, ಅಣ್ಣನೊಂದಿಗೆ ಬರಿಗಾಲಲ್ಲಿ ದೇಶ ಅಲೆದಳು. 1889ರಲ್ಲಿ ವಿಧವೆಯರಿಗಾಗಿ ಮುಂಬಯಿಯಲ್ಲಿ ಶಾರದಾ ಸದನ ತೆರೆದದ್ದು ಅವಳೇ. ಹದಿನಾರರಲ್ಲಿ ಅವಳನ್ನು 'ಮುಂದೆ ಏನು?' ಎಂದು ಕೇಳಿದ್ದರೆ ಏನು ಹೇಳುತ್ತಿದ್ದಳೋ.

ಕಿಟ್ಟೆಲರನ್ನು ಕೇಳಿದ್ದರೂ ಅಷ್ಟೇ. 1853ರಲ್ಲಿ ಇಪ್ಪತ್ತೊಂದರ ತರುಣನಾಗಿ ಧಾರವಾಡಕ್ಕೆ ಬಂದದ್ದು ಧರ್ಮಬೋಧನೆಗೆ, ನಿಘಂಟು ಮಾಡುವುದಕ್ಕಲ್ಲ. ಎಪ್ಪತ್ತು ಸಾವಿರ ಶಬ್ದಗಳ ಆ ನಿಘಂಟು ಅಚ್ಚಾದದ್ದು 1894ರಲ್ಲಿ, ಅವರಿಗೆ ಅರವತ್ತೆರಡು ತುಂಬಿದ ಮೇಲೆ. ಜೀವನದ ಗುರಿ ಹದಿನೇಳಕ್ಕೇ ಗೊತ್ತಾಗಬೇಕು, ಫಾರಂ ತುಂಬುವ ಕೊನೆಯ ದಿನಾಂಕದೊಳಗೆ ಗೊತ್ತಾಗಬೇಕು ಎಂದು ಹಟ ಹಿಡಿದಿರುವವರು ನಾವು, ದೇವರಲ್ಲ.

ಒಂದು ಎಚ್ಚರಿಕೆಯ ಮಾತನ್ನು ಹೇಳಲೇಬೇಕು. ಸರಕಾರದ ಲೆಕ್ಕದಂತೆ 2022ರೊಂದರಲ್ಲೇ ದೇಶದಲ್ಲಿ 13,000ಕ್ಕೂ ಹೆಚ್ಚು ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು. ಊಟ ಬಿಟ್ಟ, ನಿದ್ದೆ ಬಿಟ್ಟ, ಮಾತು ಬಿಟ್ಟ ಮಗುವಿಗೆ 'ಪ್ರಾರ್ಥನೆ ಮಾಡು, ಸರಿಹೋಗುತ್ತದೆ' ಎಂದು ಹೇಳಿ ಕೈತೊಳೆದುಕೊಳ್ಳುವುದು ಭಕ್ತಿಯಲ್ಲ. ಪ್ರಾರ್ಥನೆಯೂ ಇರಲಿ, ಡಾಕ್ಟರೂ ಇರಲಿ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಎಂಬ ಸರಕಾರಿ ಸಹಾಯವಾಣಿಯ ಸಂಖ್ಯೆ 14416. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಫ್ರಿಜ್ಜಿನ ಬಾಗಿಲಿಗೆ ಬರೆದು ಅಂಟಿಸಿಡಿ.

ಇನ್ನು ನಮ್ಮ ತರಗತಿಯಲ್ಲಿ ಏನು ಮಾಡುತ್ತೇವೆ? ಪ್ರತಿಯೊಬ್ಬರೂ ಒಂದು 'ತೋಟ' ಹಾಕಬೇಕೆಂದು ನಿಯಮ. ಮಾರ್ಕ್ಸಿಗೆ ಸಂಬಂಧವಿರಬಾರದು, ಈ ಊರಿನ ಯಾರಿಗಾದರೂ ಉಪಯೋಗವಾಗಬೇಕು. ಒಬ್ಬ ತಮ್ಮ ಮನೆಗೆಲಸದಾಕೆಯ ಮಗನಿಗೆ ವಾರಕ್ಕೆರಡು ದಿನ ಗಣಿತ ಹೇಳಿಕೊಡುತ್ತಾನೆ. ಇಬ್ಬರು ಸೇರಿ, ಕಣ್ಣು ಮಂಜಾದ ಕನ್ನಡದ ಅಜ್ಜಿಯೊಬ್ಬರಿಗೆ ಪತ್ರಿಕೆ ಓದಿ ಹೇಳುತ್ತಾರೆ, ಅಜ್ಜಿ ಅವರ ಉಚ್ಚಾರಣೆ ತಿದ್ದುತ್ತಾರೆ. ಕಂಪಾರ್ಟ್‌ಮೆಂಟಿನ ಪ್ರಶ್ನೆ ಕೇಳಿದವಳು ಬಾಲ್ಕನಿಯಲ್ಲಿ ನಿಜವಾಗಿಯೂ ತೋಟವನ್ನೇ ಹಾಕಿದ್ದಾಳೆ. ದೆಹಲಿಯ ಚಳಿಗೆ ಕರಿಬೇವು ಎಲೆ ಉದುರಿಸಿ ಕಡ್ಡಿಯಾದಾಗ ಕಿತ್ತೆಸೆಯಲು ಹೊರಟವಳು, ಮಾರ್ಚಿಯವರೆಗೆ ತಡೆದಳು.

ಈಗ ನಿಮ್ಮಿಂದ ಒಂದು ಸಹಾಯ ಬೇಕು. ಸಂಘದ ಹಿರಿಯರಲ್ಲಿ ಅನೇಕರು ಜಿ.ಟಿ. ಎಕ್ಸ್‌ಪ್ರೆಸ್ಸಿನಲ್ಲಿ ಒಂದು ಟ್ರಂಕು, ಒಂದು ಹಾಸಿಗೆಸುರುಳಿ ಹೊತ್ತು ಈ ಊರಿಗೆ ಬಂದವರು. ಯಾವ ಧರ್ಮದವರಾದರೂ ಸರಿ, ಒಂದು ಭಾನುವಾರ ಮಧ್ಯಾಹ್ನ ಬಿಡುವು ಮಾಡಿಕೊಂಡು ಬನ್ನಿ. ಉಪದೇಶ ಬೇಡ. ಮಕ್ಕಳು ಪ್ರಶ್ನೆಗಳನ್ನು ಬರೆದಿಟ್ಟುಕೊಂಡಿದ್ದಾರೆ: ಮೊದಲ ಸಂಬಳ ಎಷ್ಟು, ಮೊದಲ ಬಾಡಿಗೆ ಕೋಣೆ ಎಲ್ಲಿ, ಹಿಂದಿ ಬಾರದೆ ಬಸ್ಸಿನಲ್ಲಿ ಹೇಗೆ ಓಡಾಡಿದಿರಿ, ಮತ್ತೆ, ಮೊದಲನೆಯ ಚಳಿಗಾಲಕ್ಕೆ ನಿಮ್ಮ ಬಳಿ ರಜಾಯಿ ಇತ್ತೇ?