ತೈಲಬಾವಿಗಳ ಶಿಲಾತಿರುಳು: ಸಂಗ್ರಹಣೆ ಮತ್ತು ಸಂರಕ್ಷಣೆ

ಬೆಂಗಳೂರಿನ ಕಾಮಾಕ್ಷಿಪಾಳ್ಯದಂತಹ ಬಡಾವಣೆಗಳಲ್ಲಿ ಕೊಳವೆಬಾವಿ ಕೊರೆಯುವಾಗ ಹೊರಬರುವುದು ಕಲ್ಲಿನ ಪುಡಿ ಮಾತ್ರ. ಗಾಳಿಯ ಒತ್ತಡದಿಂದ ಬಡಿಯುವ ಯಂತ್ರದ ಸುತ್ತಿಗೆಯು ನೆಲದಡಿಯ ನೈಸ್ ಶಿಲೆಯನ್ನು ಪುಡಿಮಾಡಿ ಮೇಲಕ್ಕೆ ಊದಿಬಿಡುತ್ತದೆ. ನೀರಷ್ಟೇ ಬೇಕಾದವರಿಗೆ ಇದರಿಂದ ನಷ್ಟವಿಲ್ಲ. ಆದರೆ ಶಿಲೆಯ ಬಿರುಕುಗಳು ಯಾವ ದಿಕ್ಕಿಗಿದ್ದವು, ಅವುಗಳಲ್ಲಿ ದ್ರವವು ಎಷ್ಟು ಸಲೀಸಾಗಿ ಹರಿಯುತ್ತಿತ್ತು ಎಂಬುದನ್ನು ಆ ಪುಡಿಯಿಂದ ತಿಳಿಯಲಾಗದು. ಅದಕ್ಕೆ ಇಡಿಯಾದ ಶಿಲೆಯೇ ಬೇಕು. ತೈಲಬಾವಿಗಳಲ್ಲಿ ಆಯ್ದ ಆಳಗಳಲ್ಲಿ ನಡುವೆ ಟೊಳ್ಳಾಗಿರುವ ಬೈರಿಗೆಯನ್ನು ಬಳಸಿ ಉರುಳೆಯಾಕಾರದ ಶಿಲಾಖಂಡವನ್ನು ಹೊರತೆಗೆಯುವರು. ಇದನ್ನೇ ಇಲ್ಲಿ ಶಿಲಾತಿರುಳು ಎಂದು ಕರೆದಿದೆ. ವಾಡಿಕೆಯಲ್ಲಿ ಇದಕ್ಕೆ ‘ಕೋರ್’ ಎಂದೇ ಹೆಸರು.

ಶಿಲಾತಿರುಳನ್ನು ತೆಗೆಯುವುದು ವೆಚ್ಚದ ಕೆಲಸ. ಆದರೆ ಅದರ ಬೆಲೆ ನಿಂತಿರುವುದು ತೆಗೆದ ಬಳಿಕ ಅದನ್ನು ಕಾಪಾಡುವ ರೀತಿಯ ಮೇಲೆ. ಭೂಗರ್ಭದ ಅಧಿಕ ಒತ್ತಡ ಮತ್ತು ಉಷ್ಣತೆಯಲ್ಲಿದ್ದ ಶಿಲೆ ಮೇಲೇರುತ್ತಿದ್ದಂತೆ ಒತ್ತಡ ಇಳಿಯುತ್ತದೆ. ತೈಲದಲ್ಲಿ ಕರಗಿದ್ದ ಅನಿಲ ಹಿಗ್ಗಿ, ರಂಧ್ರಗಳಲ್ಲಿನ ದ್ರವವನ್ನು ಹೊರದೂಡುತ್ತದೆ. ಕೊರೆಯುವಾಗ ಬಳಸುವ ಕೆಸರುದ್ರವವೂ ಒಳನುಗ್ಗಿರುತ್ತದೆ. ಈ ಬದಲಾವಣೆಗಳನ್ನು ಪೂರ್ತಿ ತಡೆಯುವುದು ಸಾಮಾನ್ಯ ವಿಧಾನಗಳಿಂದ ಸಾಧ್ಯವಿಲ್ಲ. ಮೇಲೆ ಬಂದ ನಂತರ ಮತ್ತಷ್ಟು ಬದಲಾವಣೆಯಾಗದಂತೆ ನೋಡಿಕೊಳ್ಳುವುದೇ ಸಂರಕ್ಷಣೆಯ ಗುರಿ.

ಈ ಬದಲಾವಣೆಗಳಲ್ಲಿ ಮೂರು ಮುಖ್ಯವಾದವು. ಮೊದಲನೆಯದು ಆವಿಯಾಗುವಿಕೆ: ನೀರು ಮತ್ತು ಹಗುರ ತೈಲಾಂಶಗಳು ಆರಿಹೋದರೆ ಶಿಲೆಯಲ್ಲಿ ಎಷ್ಟು ನೀರಿತ್ತು, ಎಷ್ಟು ತೈಲವಿತ್ತು ಎಂಬ ಲೆಕ್ಕ ತಪ್ಪುತ್ತದೆ. ಎರಡನೆಯದು ಗಾಳಿಯ ಸಂಪರ್ಕ: ತೈಲ ಉತ್ಕರ್ಷಣಗೊಂಡು ಅದರ ಭಾರವಾದ ಅಂಶಗಳು ರಂಧ್ರಗಳ ಗೋಡೆಗೆ ಅಂಟಿಕೊಂಡರೆ, ನೀರಿಗೆ ಒಲಿಯುತ್ತಿದ್ದ ಶಿಲೆ ತೈಲಕ್ಕೆ ಒಲಿದಂತೆ ತೋರುತ್ತದೆ. ಮೂರನೆಯದು ಜೇಡಿ ಖನಿಜಗಳ ಒಣಗುವಿಕೆ: ರಂಧ್ರಗಳಲ್ಲಿ ಎಳೆಎಳೆಯಾಗಿ ಬೆಳೆದ ಇಲೈಟ್ ಖನಿಜ ಒಣಗಿದಾಗ ಕುಸಿದು ಗೋಡೆಗೆ ಅಂಟುತ್ತದೆ. ಆಗ ಪ್ರಯೋಗಾಲಯದಲ್ಲಿ ದ್ರವದ ಹರಿವು ನಿಜಕ್ಕಿಂತ ಸುಲಭವೆಂದು ಕಾಣುತ್ತದೆ. ಇಂತಹ ಅಳತೆಯನ್ನು ನಂಬಿ ರೂಪಿಸಿದ ಉತ್ಪಾದನಾ ಯೋಜನೆ ವಿಫಲವಾಗುವ ಸಂಭವವಿದೆ.

ಆದ್ದರಿಂದ ಬಾವಿಯ ಬಳಿಯೇ ಕೆಲಸ ಆರಂಭವಾಗಬೇಕು. ತಿರುಳನ್ನು ನೀರಿನಲ್ಲಿ ತೊಳೆಯಬಾರದು. ಮೇಲ್ಮೈಯ ಕೆಸರನ್ನು ಒರೆಸಿ ತೆಗೆಯಬೇಕು. ಉದ್ದಕ್ಕೂ ಕೆಂಪು ಮತ್ತು ಕಪ್ಪು ಜೋಡಿ ಗೆರೆಗಳನ್ನು ಎಳೆಯುವುದು ರೂಢಿ: ಮೇಲ್ತುದಿ ಮೇಲಿರುವಂತೆ ನಿಲ್ಲಿಸಿ ನೋಡಿದಾಗ ಕೆಂಪು ಗೆರೆ ಬಲಕ್ಕಿರಬೇಕು. ಹೀಗಾಗಿ ತುಂಡಾದರೂ ಮೇಲು ಕೆಳಗು ತಪ್ಪುವುದಿಲ್ಲ. ಪ್ರತಿ ತುಂಡಿನ ಮೇಲೂ ಬಾವಿಯ ಹೆಸರು ಮತ್ತು ಆಳವನ್ನು ಬರೆಯಬೇಕು. ಆಳ ಗುರುತಿಸದ ಶಿಲೆ ಸಂಶೋಧಕನ ಪಾಲಿಗೆ ಬರೀ ಕಲ್ಲು.

ಸಂರಕ್ಷಣೆಯ ವಿಧಾನಗಳು ಶಿಲೆಯ ಗುಣವನ್ನು ಅವಲಂಬಿಸಿವೆ. ಅಲ್ಯೂಮಿನಿಯಂ ಅಥವಾ ಗಾಜಿನ ನಾರಿನ ಒಳಕೊಳವೆಯಲ್ಲಿ ಬಂದ ತಿರುಳನ್ನು ಕೊಳವೆಯ ಸಮೇತ ಕತ್ತರಿಸಿ, ಎರಡೂ ತುದಿಗಳಿಗೆ ರಬ್ಬರ್ ಮುಚ್ಚಳ ಬಿಗಿಯುವುದು ಒಂದು ಕ್ರಮ. ಗಟ್ಟಿ ಶಿಲೆಯನ್ನು ಪ್ಲಾಸ್ಟಿಕ್ ಹಾಳೆ, ಅಲ್ಯೂಮಿನಿಯಂ ಹಾಳೆಗಳಲ್ಲಿ ಸುತ್ತಿ, ಕರಗಿಸಿದ ಮೇಣದಂತಹ ಪ್ಲಾಸ್ಟಿಕ್ಕಿನಲ್ಲಿ ಅದ್ದುವುದು ಇನ್ನೊಂದು. ಸಡಿಲ ಮರಳುಗಲ್ಲನ್ನು ಒಣಮಂಜುಗಡ್ಡೆಯಿಂದ ಹೆಪ್ಪುಗಟ್ಟಿಸುವುದುಂಟು. ಆದರೆ ನೀರು ಹೆಪ್ಪುಗಟ್ಟುವಾಗ ಸುಮಾರು 9 ಪ್ರತಿಶತ ಹಿಗ್ಗುವುದರಿಂದ ಕಣಗಳ ಜೋಡಣೆ ಕದಲುವ ಅಪಾಯವಿದೆ. ಎಲ್ಲ ಶಿಲೆಗೂ ಒಪ್ಪುವ ಒಂದೇ ವಿಧಾನವಿಲ್ಲ.

ಕರ್ನಾಟಕದ ನೆಲದಲ್ಲಿ ತೈಲ ತೆಗೆಯುವ ಬಾವಿಗಳಿಲ್ಲ. ಹಾಗೆಂದು ಈ ವಿಷಯ ನಮಗೆ ಹೊರತಲ್ಲ. ಮಂಗಳೂರು ಮತ್ತು ಉಡುಪಿ ಜಿಲ್ಲೆಯ ಪಾದೂರಿನಲ್ಲಿ ಕ್ರಮವಾಗಿ 15 ಲಕ್ಷ ಹಾಗೂ 25 ಲಕ್ಷ ಟನ್ ಕಚ್ಚಾತೈಲವನ್ನು ಹಿಡಿಯಬಲ್ಲ ಶಿಲಾಗುಹೆಗಳನ್ನು ಕೊರೆಯಲಾಗಿದೆ. ತೈಲಕ್ಷೇತ್ರದಲ್ಲಿ ಶಿಲೆ ತೈಲವನ್ನು ಎಷ್ಟು ಬಿಟ್ಟುಕೊಡುತ್ತದೆ ಎಂಬುದು ಪ್ರಶ್ನೆಯಾದರೆ, ಇಂತಹ ಗುಹೆಗಳಲ್ಲಿ ಶಿಲೆ ಮತ್ತು ಅಂತರ್ಜಲ ಸೇರಿ ತೈಲವನ್ನು ಎಷ್ಟು ಭದ್ರವಾಗಿ ತಡೆದಿಡುತ್ತವೆ ಎಂಬುದು ಪ್ರಶ್ನೆ. ಎರಡಕ್ಕೂ ಉತ್ತರ ಹುಡುಕಲು ಶಿಲಾತಿರುಳು ಬೇಕೇ ಬೇಕು.

ಪಶ್ಚಿಮ ಕರಾವಳಿಯಾಚೆಯ ಇನ್ನೊಂದು ನಿದರ್ಶನ ಮನನೀಯವಾದುದು. 2006ರಲ್ಲಿ ರಾಷ್ಟ್ರೀಯ ಅನಿಲ ಹೈಡ್ರೇಟ್ ಕಾರ್ಯಕ್ರಮದ ಅಂಗವಾಗಿ ‘ಜಾಯ್ಡಿಸ್ ರೆಸಲ್ಯೂಶನ್’ ನೌಕೆ ಭಾರತದ ಸಮುದ್ರಗಳಲ್ಲಿ ಕೊರೆತ ನಡೆಸಿತು. ಮಂಜಿನಂತಹ ಹೈಡ್ರೇಟ್ ಒತ್ತಡ ಇಳಿದೊಡನೆ ಅನಿಲವಾಗಿ ಕರಗಿಹೋಗುವುದರಿಂದ, ಕೆಲವು ತಿರುಳುಗಳನ್ನು ಒತ್ತಡ ಕಾಯುವ ಪಾತ್ರೆಗಳಲ್ಲಿಯೂ ಕೆಲವನ್ನು ದ್ರವ ಸಾರಜನಕದಲ್ಲಿಯೂ ಇಡಬೇಕಾಯಿತು. ಕೃಷ್ಣಾ-ಗೋದಾವರಿ ಕಣಿವೆಯಲ್ಲಿ ಹೈಡ್ರೇಟ್ ಹೇರಳವಾಗಿ ದೊರೆಯಿತು. ಕೇರಳ-ಕೊಂಕಣ ಕಣಿವೆಯ ಕೊರೆತದಲ್ಲಿ ದೊರೆಯಲಿಲ್ಲ. ಆದರೂ ಆ ತಿರುಳನ್ನು ಎಸೆಯಲಿಲ್ಲ. ಅದರ ಸುಣ್ಣಮಯ ಕೆಸರಿನ ಪದರಗಳು ಮುಂದೆ ಅರಬ್ಬೀ ಸಮುದ್ರದ ಪ್ರಾಚೀನ ಪರಿಸರದ ಅಧ್ಯಯನಕ್ಕೆ ಆಕರವಾದವು. ಒಂದು ಪ್ರಶ್ನೆಗೆ ‘ಇಲ್ಲ’ ಎಂದ ಶಿಲೆ ಮತ್ತೊಂದಕ್ಕೆ ಉತ್ತರ ಕೊಟ್ಟಿತು.

ಸುಮಾರು ಮೂರು ಕಿಲೋಮೀಟರಿಗೂ ಮಿಕ್ಕಿದ ಆಳಕ್ಕಿಳಿದಿದ್ದ ಕೋಲಾರದ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದವು. ಆ ಸುರಂಗಗಳಲ್ಲಿ ಈಗ ನೀರು ತುಂಬಿದೆ. ಅಲ್ಲಿನ ಶಿಲೆಯನ್ನು ಹೊಸದಾಗಿ ತರುವುದು ಸುಲಭವಲ್ಲ; ಹಿಂದೆ ತೆಗೆದು ಉಳಿಸಿಕೊಂಡ ಮಾದರಿಗಳೇ ಅಧ್ಯಯನಕ್ಕೆ ಆಧಾರ. ಮುಚ್ಚಿದ ತೈಲಬಾವಿಗಳ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ. ಗ್ರಂಥಾಲಯಗಳು ಹಸ್ತಪ್ರತಿಗಳಿಗೆ ತೋರುವ ಕಾಳಜಿಯನ್ನೇ, ಅಂದರೆ ವಿವರಸೂಚಿ, ನಿಯಂತ್ರಿತ ಉಷ್ಣತೆ ಮತ್ತು ಮುಟ್ಟದೆ ಕಾದಿಟ್ಟ ಒಂದು ಭಾಗ ಇವುಗಳನ್ನು, ಶಿಲಾತಿರುಳೂ ಬೇಡುತ್ತದೆ. ಇಂದಿನ ಉಪಕರಣಗಳು ಕಾಣದುದನ್ನು ನಾಳಿನವು ಕಾಣಬಲ್ಲವು; ಅಷ್ಟರವರೆಗೆ ಶಿಲೆ ಉಳಿದಿರಬೇಕು.