ಫಲಿತಾಂಶದ ಫ್ಲೆಕ್ಸ್ ಹೇಳದ ಲೆಕ್ಕ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನವೇ ಊರಿನ ಸರ್ಕಲ್ಲಿನಲ್ಲಿ ಫ್ಲೆಕ್ಸುಗಳು ಏಳುತ್ತವೆ. ಟೈ ಕಟ್ಟಿದ ಮಕ್ಕಳ ಫೋಟೊ, ನೆತ್ತಿಯ ಮೇಲೆ ‘ಶೇ 100 ಫಲಿತಾಂಶ’. ಸರ್ಕಾರಿ ಪ್ರೌಢಶಾಲೆಯ ಫ್ಲೆಕ್ಸ್ ಕಾಣುವುದು ಅಪರೂಪ. ಹಾಕಿಸಬೇಕೆಂದರೆ ಮೇಷ್ಟ್ರೇ ಕಿಸೆಗೆ ಕೈ ಹಾಕಬೇಕು. ಕಣ್ಣಿಗೆ ಬೀಳದ್ದರಿಂದ ಚಹಾದಂಗಡಿಯ ತೀರ್ಪೂ ಸಲೀಸು: ‘ಸರ್ಕಾರಿ ಶಾಲೆ ಅಂದಮೇಲೆ ಕಡೇ ಸ್ಥಾನ ಬಿಡ್ರಿ.’

ಈ ಮಾತು ಅಂಕಿಸಂಖ್ಯೆಯ ಮುಂದೆ ನಿಲ್ಲುವುದಿಲ್ಲ. 2025ರ ಮೊದಲ ಪರೀಕ್ಷೆಯಲ್ಲಿ (ಪರೀಕ್ಷೆ-1) ಸರ್ಕಾರಿ ಶಾಲೆಗಳ ಫಲಿತಾಂಶ ಶೇ 62.7, ಅನುದಾನಿತ ಶಾಲೆಗಳದು ಶೇ 58.97. 2023ರಲ್ಲೂ ಸರ್ಕಾರಿ ಶಾಲೆಗಳೇ ಶೇ 87 ಪಡೆದು ಅನುದಾನಿತ ಶಾಲೆಗಳಿಗಿಂತ ಮುಂದಿದ್ದವು. ಅನುದಾನರಹಿತ ಖಾಸಗಿ ಶಾಲೆಗಳು ಮೇಲಿವೆ ನಿಜ, 2025ರಲ್ಲಿ ಅವುಗಳದು ಶೇ 75.59. ಆದರೆ ಶೇಕಡ ಹದಿಮೂರರ ಆ ಅಂತರವನ್ನು ಪಾಠದ ಗುಣಮಟ್ಟ ಎಂದು ಓದುವ ಮೊದಲು ಬೆಂಚಿನ ಮೇಲೆ ಕುಳಿತವರು ಯಾರೆಂದು ನೋಡಬೇಕು. ಶುಲ್ಕ ಕಟ್ಟಬಲ್ಲ ಮನೆ, ಸಂಜೆ ಟ್ಯೂಷನ್ನು, ಓದಲು ಒಂದು ಮೂಲೆ: ಇಷ್ಟನ್ನು ಹೊತ್ತು ತಂದ ಮಗು ಶಾಲೆಯ ಗೇಟು ದಾಟುವಾಗಲೇ ಅರ್ಧ ದಾರಿ ಬಂದಿರುತ್ತದೆ. ಸರ್ಕಾರಿ ಶಾಲೆ ಯಾರನ್ನೂ ಆರಿಸಿಕೊಳ್ಳುವುದಿಲ್ಲ. ಸುಗ್ಗಿ ಮುಗಿದ ಮೇಲೆ ಅಪ್ಪ ಅಮ್ಮನ ಜೊತೆ ಬೆಂಗಳೂರಿಗೋ ಗೋವಾಕ್ಕೋ ಕಟ್ಟಡದ ಕೆಲಸಕ್ಕೆ ಹೋಗಿ ತಿಂಗಳುಗಳ ನಂತರ ಮರಳುವ ಹುಡುಗನ ಹೆಸರೂ ಅದರ ಹಾಜರಿ ಪುಸ್ತಕದಲ್ಲೇ ಇರುತ್ತದೆ.

‘ಶೇ 100’ರ ಒಳಗುಟ್ಟೂ ಒಂದಿದೆ. ಒಂಬತ್ತನೇ ತರಗತಿಯಲ್ಲಿ ಹಿಂದೆ ಬಿದ್ದವನ ಕೈಗೆ ಟಿ.ಸಿ. ಕೊಟ್ಟು ಕಳಿಸುವುದು, ಇಲ್ಲವೇ ಅವನನ್ನು ಖಾಸಗಿ ಅಭ್ಯರ್ಥಿಯಾಗಿ ಬರೆಯಲು ಹೇಳುವುದು ಶಿಕ್ಷಕರ ವಲಯದಲ್ಲಿ ಯಾರಿಗೂ ಹೊಸದಲ್ಲ. ಹಾಗೆ ಹೊರಬಿದ್ದವನು ಬಂದು ಸೇರುವುದು ಹೆಚ್ಚಾಗಿ ಹತ್ತಿರದ ಸರ್ಕಾರಿ ಶಾಲೆಗೆ. ಒಂದು ಶಾಲೆಯ ನೂರು, ಇನ್ನೊಂದು ಶಾಲೆಯ ಅರವತ್ತಾಗುತ್ತದೆ. ಮಕ್ಕಳ ಸಂಖ್ಯೆ ಕಡಿಮೆ ಇರುವ ಹಳ್ಳಿ ಶಾಲೆಯ ಪಾಡಂತೂ ಬೇರೆಯೇ. ಹನ್ನೆರಡು ಮಕ್ಕಳಲ್ಲಿ ಒಬ್ಬ ನಪಾಸಾದರೆ ಶೇಕಡ ಎಂಟಕ್ಕೂ ಹೆಚ್ಚು ಇಳಿಯುತ್ತದೆ, ಮುಖ್ಯೋಪಾಧ್ಯಾಯರಿಗೆ ನೋಟಿಸು ಬರುತ್ತದೆ.

ಇನ್ನೊಂದು ನಂಬಿಕೆ ಮೇಲ್ನೋಟಕ್ಕೆ ತರ್ಕಬದ್ಧವಾಗಿಯೇ ಕಾಣುತ್ತದೆ: ಮನೆಮಾತು ಕನ್ನಡವಲ್ಲದ ಮಕ್ಕಳು ಹಿಂದೆ ಬೀಳುತ್ತಾರೆ, ಕಲ್ಯಾಣ ಕರ್ನಾಟಕದ ಉರ್ದು, ಲಂಬಾಣಿ, ತೆಲುಗು ಮನೆಗಳೇ ಅಲ್ಲಿನ ಫಲಿತಾಂಶಕ್ಕೆ ಕಾರಣ ಎಂಬುದು. ಹಾಗಾದರೆ ಕರಾವಳಿಯನ್ನು ಏನೆನ್ನೋಣ? ಮಂಗಳೂರಿನ ಹುಡುಗ ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಬ್ಯಾರಿಯನ್ನೋ ಆಡುತ್ತಾನೆ. ಕನ್ನಡ ಅವನಿಗೂ ಶಾಲೆಯ ಭಾಷೆಯೇ. ಆದರೂ 2024ರಲ್ಲಿ ಉಡುಪಿ ಶೇ 94 ಪಡೆದು ಮೊದಲು ಬಂತು, ದಕ್ಷಿಣ ಕನ್ನಡ ಎರಡನೆಯದು. ಮರುವರ್ಷ ಇವೆರಡೂ ಸ್ಥಾನ ಅದಲುಬದಲು ಮಾಡಿಕೊಂಡವು, ಅಷ್ಟೇ.

ಅಂತರದ ಬೇರು ಇನ್ನೂ ಹಿಂದಕ್ಕಿದೆ. 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡದ ಸಾಕ್ಷರತೆ ಶೇ 88.57, ಕಲ್ಯಾಣ ಕರ್ನಾಟಕದ ಯಾದಗಿರಿಯದು ಶೇ 51.83. ಹೆಂಗಸರನ್ನಷ್ಟೇ ತೆಗೆದುಕೊಂಡರೆ ದಕ್ಷಿಣ ಕನ್ನಡದಲ್ಲಿ ಶೇ 84, ಯಾದಗಿರಿಯಲ್ಲಿ ಶೇ 41. ಆ ಹೆಂಗಸರಲ್ಲಿ ಅನೇಕರ ಮಕ್ಕಳೇ ಈಗ ಹತ್ತನೇ ತರಗತಿಗೆ ಬಂದಿರುವುದು. 2024ರಲ್ಲಿ ಯಾದಗಿರಿಯ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ 50.59, ರಾಜ್ಯದಲ್ಲೇ ಕೊನೆ. ಇದಕ್ಕೂ ಹಿಂದೆ ಹೋದರೆ, ಮಂಗಳೂರಿನಲ್ಲಿ ಬಾಸೆಲ್ ಮಿಷನ್ 1834ರಲ್ಲಿ ನೆಲೆಯೂರಿ ಶಾಲೆ ತೆರೆಯಿತು. ಕಲ್ಯಾಣ ಕರ್ನಾಟಕದ ಬಹುಭಾಗ 1948ರವರೆಗೆ ನಿಜಾಮನ ಆಳ್ವಿಕೆಯಲ್ಲಿತ್ತು. ಅಲ್ಲಿ ಆಡಳಿತದ ಭಾಷೆ ಉರ್ದು. 2002ರಲ್ಲಿ ಡಿ.ಎಂ. ನಂಜುಂಡಪ್ಪ ಸಮಿತಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ ಹೆಚ್ಚಿನವು ಇರುವುದೂ ಈ ಭಾಗದಲ್ಲೇ. ಅಕ್ಷರದ ಬಡ್ಡಿ ತಲೆಮಾರಿನಿಂದ ತಲೆಮಾರಿಗೆ ಬೆಳೆಯುತ್ತದೆ, ಅಕ್ಷರದ ಸಾಲವೂ ಹಾಗೆಯೇ.

ಹಾಗೆಂದು ಅಮ್ಮ ಓದಿಲ್ಲದಿದ್ದರೆ ಮಗು ಓದದು ಎಂದು ಷರಾ ಬರೆಯುವುದೂ ತಪ್ಪು. 2025ರಲ್ಲಿ ಹುಡುಗಿಯರ ಫಲಿತಾಂಶ ಶೇ 74, ಹುಡುಗರದು ಶೇ 58. ಅಕ್ಕ ತಮ್ಮ ಇಬ್ಬರೂ ಒಂದೇ ಮನೆಯವರು, ಹಲವು ಕಡೆ ಒಂದೇ ಶಾಲೆಯವರು. ತಾಯಿಯ ಓದು, ಮನೆಯ ಬಡತನ, ಊರಿನ ಬಸ್ಸು ಎಲ್ಲವೂ ಇಬ್ಬರಿಗೂ ಒಂದೇ. ಅಲ್ಲೂ ಶೇಕಡ ಹದಿನಾರರ ವ್ಯತ್ಯಾಸ! ‘ಬಡ ಮಕ್ಕಳಿಗೆ ಓದು ಹತ್ತದು’ ಎನ್ನುವವರು ಅದೇ ಬಡ ಮನೆಯ ಹುಡುಗಿಯರನ್ನು ಲೆಕ್ಕಕ್ಕೇ ತೆಗೆದುಕೊಂಡಂತಿಲ್ಲ.

2024ರಲ್ಲಿ 625ಕ್ಕೆ 625 ತೆಗೆದು ರಾಜ್ಯಕ್ಕೇ ಮೊದಲು ಬಂದವಳು ಬಾಗಲಕೋಟೆ ಜಿಲ್ಲೆಯ ಮೊರಾರ್ಜಿ ದೇಸಾಯಿ ವಸತಿ ಶಾಲೆಯ ವಿದ್ಯಾರ್ಥಿನಿ. ಅದೂ ಸರ್ಕಾರದ್ದೇ ಶಾಲೆ. ಇಲ್ಲಿ ಒಂದು ಎಚ್ಚರ: ವಸತಿ ಶಾಲೆಗಳಿಗೆ ಆರನೇ ತರಗತಿಗೇ ಪ್ರವೇಶ ಪರೀಕ್ಷೆಯಿದೆ, ಅಂದರೆ ಅಲ್ಲೂ ಜರಡಿ ಹಿಡಿಯುತ್ತಾರೆ. ಆದ್ದರಿಂದ ಅದನ್ನು ಎಲ್ಲ ಸರ್ಕಾರಿ ಶಾಲೆಗಳ ಸಾಧನೆ ಎಂದು ಬೀಗುವಂತಿಲ್ಲ. ಆದರೆ ಹೊತ್ತಿಗೆ ಸರಿಯಾದ ಊಟ, ರಾತ್ರಿ ಓದಲು ದೀಪ, ಕೇಳಿದ್ದಕ್ಕೆ ಉತ್ತರ ಹೇಳಲು ಒಬ್ಬರು ಶಿಕ್ಷಕರು: ಇಷ್ಟು ಸಿಕ್ಕರೆ ಬಡ ಮನೆಯ ಮಗು ಏನು ಮಾಡಬಲ್ಲದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

‘ಈಚೆಗೆ ಮಕ್ಕಳ ಮಟ್ಟ ಕುಸಿದಿದೆ’ ಎಂಬ ಗೊಣಗಾಟಕ್ಕೆ ಹೆಚ್ಚು ಮಾತು ಬೇಡ. 2023ರಲ್ಲಿ ಶೇ 83.89 ಇದ್ದ ಫಲಿತಾಂಶ 2024ರಲ್ಲಿ ಶೇ 73.40ಕ್ಕೆ ಇಳಿಯಿತು, ಅದೂ ಗ್ರೇಸ್ ಅಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೆ. ಒಂದೇ ವರ್ಷದಲ್ಲಿ ಮಕ್ಕಳು ದಡ್ಡರಾಗಲಿಲ್ಲ. ಆ ವರ್ಷ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು. ಇಳಿದದ್ದು ಮಕ್ಕಳ ಮಟ್ಟವಲ್ಲ, ನಕಲು. ಜೊತೆಗೆ ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಪತ್ರಿಕೆಯ ಮುಖಪುಟಕ್ಕೆ ಬರುವುದು ಮೊದಲನೆಯದರ ಫಲಿತಾಂಶ ಮಾತ್ರ. ಆಮೇಲಿನದರಲ್ಲಿ ದಡ ಸೇರಿದವರ ಸುದ್ದಿ ಒಳಪುಟದ ಮೂಲೆಗೆ ಹೋಗುತ್ತದೆ.

ಮುಂದಿನ ಮೇ ತಿಂಗಳಲ್ಲಿ ‘ಶೇ 100’ರ ಫ್ಲೆಕ್ಸ್ ಕಂಡರೆ, ಮಗುವಿನ ದಾಖಲಾತಿಗೆ ಓಡುವ ಮೊದಲು ಆ ಶಾಲೆಯ ಕಚೇರಿಯಲ್ಲಿ ಒಂದೇ ಒಂದು ಪ್ರಶ್ನೆ ಕೇಳಿ: ಎರಡು ವರ್ಷದ ಹಿಂದೆ ನಿಮ್ಮ ಎಂಟನೇ ತರಗತಿಯಲ್ಲಿ ಎಷ್ಟು ಮಕ್ಕಳಿದ್ದರು, ಅವರಲ್ಲಿ ಈ ಸಲ ಪರೀಕ್ಷೆಗೆ ಕೂತವರೆಷ್ಟು?