ಕ್ರಿಸ್‌ಮಸ್ ಅಡುಗೆಗೊಂದು ವೇಳಾಪಟ್ಟಿ

ಡಿಸೆಂಬರ್ ಬಂತೆಂದರೆ ಹಾಸನ ಸೀಮೆಯಲ್ಲಿ ಎರಡು ಸಂಗತಿಗಳು ಕಣ್ಣಿಗೆ ಬೀಳುತ್ತವೆ. ಒಂದು, ಸಂತೆಯಲ್ಲಿ ರಾಶಿ ಬೀಳುವ ಸೊಗಡಿನ ಅವರೆಕಾಯಿ. ಇನ್ನೊಂದು, ಕ್ರೈಸ್ತ ಬಂಧುಗಳ ಮನೆಯ ಮುಂದೆ ತೂಗುವ ನಕ್ಷತ್ರದ ಗೂಡುದೀಪ. ಈ ಜಿಲ್ಲೆಗೆ ಕ್ರಿಸ್‌ಮಸ್ ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಶೆಟ್ಟಿಹಳ್ಳಿಯ ಚರ್ಚು, ಗೊರೂರಿನ ಹೇಮಾವತಿ ಜಲಾಶಯದ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗುತ್ತಾ ಬೇಸಿಗೆಗೆ ತಲೆಯೆತ್ತುತ್ತಾ ಇಂದಿಗೂ ಅದಕ್ಕೆ ಸಾಕ್ಷಿಯಾಗಿ ನಿಂತಿದೆ.

ಹಬ್ಬ ಯಾರದೇ ಇರಲಿ, ಅಡುಗೆಮನೆಯ ಕಥೆ ಮಾತ್ರ ಒಂದೇ. ಯುಗಾದಿಯ ಹೋಳಿಗೆಯಾಗಲಿ, ರಂಜಾನಿನ ಬಿರಿಯಾನಿಯಾಗಲಿ, ಕ್ರಿಸ್‌ಮಸ್ಸಿನ ಕೇಕಾಗಲಿ, ಮನೆಮಂದಿಯೆಲ್ಲ ಹೊಸ ಬಟ್ಟೆ ತೊಟ್ಟು ನಲಿಯುವಾಗ ತಾಯಿಯೊಬ್ಬಳು ಒಲೆಯ ಮುಂದೆ ಬೆವರುತ್ತಿರುತ್ತಾಳೆ. ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಂಡು, ಸಂಜೆಗೆ ತಲೆನೋವೆಂದು ಮಲಗುತ್ತಾಳೆ. ಕ್ರಿಸ್‌ಮಸ್ಸಿಗಂತೂ ಇನ್ನೊಂದು ತೊಡಕಿದೆ. 24ರ ನಡುರಾತ್ರಿಯ ಬಲಿಪೂಜೆ ಮುಗಿಸಿ ಮನೆಗೆ ಬಂದು ಮಲಗುವ ಹೊತ್ತಿಗೆ ಎರಡು ಗಂಟೆ. ನಾಲ್ಕೈದು ತಾಸಿನ ನಿದ್ದೆಯಲ್ಲೇ ಎದ್ದು ಹತ್ತಾರು ಜನರಿಗೆ ಮಧ್ಯಾಹ್ನದ ಊಟ ಸಿದ್ಧಪಡಿಸಬೇಕು. 'ಯುದ್ಧಕಾಲೇ ಶಸ್ತ್ರಾಭ್ಯಾಸ' ಎಂಬಂತೆ ಅಂದೇ ಎಲ್ಲವನ್ನೂ ಶುರು ಮಾಡಿದರೆ ಗಡಿಬಿಡಿಯಾಗದೆ ಇರುತ್ತದೆಯೇ?

ಪರೀಕ್ಷೆಗೆ ವೇಳಾಪಟ್ಟಿ ಹಾಕಿಕೊಂಡು ಓದಿ ಎಂದು ಮಕ್ಕಳಿಗೆ ಹೇಳುತ್ತೇವೆ. ಅದೇ ಬುದ್ಧಿಯನ್ನು ಅಡುಗೆಮನೆಗೂ ತಂದರೆ ಅರ್ಧ ಕಷ್ಟ ಕಳೆಯುತ್ತದೆ. ವಿದ್ಯಾರ್ಥಿಗಳೇ, ಇದರಲ್ಲಿ ನಿಮಗೂ ಕೆಲಸವಿದೆ, ಪಾಠವೂ ಇದೆ.

ಸೂರ್ಯ ಕಲಿಸುವ ಲೆಕ್ಕ

ಹಿಂದಿನಿಂದ ಮುಂದಕ್ಕೆ ಲೆಕ್ಕ ಹಾಕುವ ವಿದ್ಯೆಯನ್ನು ಶ್ರವಣಬೆಳಗೊಳದ ಜೈನ ಮನೆಗಳಲ್ಲಿ ನೋಡಬೇಕು. ಸೂರ್ಯ ಮುಳುಗಿದ ಮೇಲೆ ಉಣ್ಣಬಾರದೆಂಬುದು ಅವರ ವ್ರತ. ಡಿಸೆಂಬರ್ ಕೊನೆಯಲ್ಲಿ ಇಲ್ಲಿ ಸೂರ್ಯಾಸ್ತ ಸುಮಾರು 6 ಗಂಟೆಗೆ. ಕಟ್ಟುನಿಟ್ಟಾಗಿ ನಡೆಯುವವರು ಅದಕ್ಕೂ ಎರಡು ಗಳಿಗೆ, ಅಂದರೆ 48 ನಿಮಿಷ ಮೊದಲೇ ಊಟ ಮುಗಿಸುತ್ತಾರೆ. ಅಲ್ಲಿಗೆ ಐದು ಗಂಟೆಗೆಲ್ಲ ಎಲೆ ಹಾಕಬೇಕು, ನಾಲ್ಕೂವರೆಗೆ ಅಡುಗೆ ಮುಗಿಯಬೇಕು, ಮೂರಕ್ಕೆ ಒಲೆ ಹಚ್ಚಬೇಕು, ಅದಕ್ಕೂ ಮೊದಲು ತರಕಾರಿ ಹೆಚ್ಚಿರಬೇಕು. ಸೂರ್ಯ ಯಾರಿಗೂ ಕಾಯುವುದಿಲ್ಲವಾದ್ದರಿಂದ ಲೆಕ್ಕ ತಪ್ಪುವಂತಿಲ್ಲ.

ಕ್ರಿಸ್‌ಮಸ್ ಊಟಕ್ಕೂ ಹೀಗೆಯೇ ಒಂದು ಗಂಟೆಯನ್ನು ಗೊತ್ತುಮಾಡಿ, ಮಧ್ಯಾಹ್ನ 1 ಎಂದಿಟ್ಟುಕೊಳ್ಳೋಣ, ಅಲ್ಲಿಂದ ಹಿಂದಕ್ಕೆ ಎಣಿಸಿ.

ಒಲೆ ಇದ್ದಷ್ಟು ಅಡುಗೆ

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ಅಡುಗೆಯಲ್ಲಿ ಒಲೆಯೇ ಹಾಸಿಗೆ. ಬೆಳಿಗ್ಗೆ 9ಕ್ಕೆ ಶುರುಮಾಡಿದರೆ 1 ಗಂಟೆಯವರೆಗೆ ನಾಲ್ಕು ತಾಸು. ಎರಡು ಬರ್ನರಿನ ಗ್ಯಾಸ್ ಒಲೆಯಾದರೆ ನಮ್ಮ ಕೈಯಲ್ಲಿರುವುದು ಒಟ್ಟು 480 ಒಲೆ-ನಿಮಿಷ. ಈಗ ಹನ್ನೆರಡು ಜನರ ಅಡುಗೆಯನ್ನು ಅಂದಾಜಿನಲ್ಲಿ ಕೂಡಿಸಿ ನೋಡಿ: ಕೋಳಿ ಸಾರು 60, ಪಲಾವ್ 40, ಹಿತಕಿದ ಬೇಳೆ ಸಾರು 45, ಮೂರು ಸಲ ಇಡ್ಲಿ ಬೇಯಿಸಲು 45, ಪಲ್ಯ 25, ಶ್ಯಾವಿಗೆ ಪಾಯಸ 35, ಬಿಳಿ ಅನ್ನ 30, ಹಪ್ಪಳ 20, ಹಾಲು-ಕಾಫಿಗೆ 40. ಒಟ್ಟು 340 ನಿಮಿಷ. ಇನ್ನೂ 140 ನಿಮಿಷ ಉಳಿಯಿತು. ನೆಂಟರೊಬ್ಬರು ಬೇಗ ಬಂದರೂ, ಸಿಲಿಂಡರ್ ಬದಲಾಯಿಸಬೇಕಾಗಿ ಬಂದರೂ ಭಯವಿಲ್ಲ.

'ಇದೊಂದು ಇರಲಿ' ಎಂದು ಮಟನ್ ಬಿರಿಯಾನಿಗೆ 90, ವಡೆಗೆ 60 ನಿಮಿಷ ಸೇರಿಸಿದಿರೋ, ಮೊತ್ತ 490ಕ್ಕೆ ಹೋಯಿತು. ಒಲೆಗೇ ಸಾಲದ ಅಡುಗೆ ಮನುಷ್ಯರ ಕೈಗೆ ಸಾಲುತ್ತದೆಯೇ? ಹಬ್ಬದ ದಿನದ ಸಿಡುಕಿನ ಮೂಲ ಬಹುಪಾಲು ಈ ಹೆಚ್ಚುವರಿ ಹತ್ತು ನಿಮಿಷದಲ್ಲಿದೆ. ಬಿರಿಯಾನಿ ಬೇಕೆಂದರೆ ಪಲಾವ್ ಮತ್ತು ಇಡ್ಲಿಯನ್ನು ಬಿಡಿ. ಮನೆಯ ಮಕ್ಕಳಿಂದಲೇ ಈ ಕೂಡುವ-ಕಳೆಯುವ ಲೆಕ್ಕ ಮಾಡಿಸಿ, ಪಟ್ಟಿಯನ್ನು ಅಡುಗೆಮನೆಯ ಗೋಡೆಗೆ ಅಂಟಿಸಿ.

ಯಾವುದು ಮೊದಲು, ಯಾವುದು ಕೊನೆಗೆ?

ಇದಕ್ಕೆ ಉತ್ತರ ವಿಜ್ಞಾನದಲ್ಲಿದೆ. ಆಹಾರ ಕೆಡಿಸುವ ಸೂಕ್ಷ್ಮಜೀವಿಗಳಿಗೆ ನೀರು ಬೇಕು. ನೀರಿನಂಶ ಕಡಿಮೆಯಿದ್ದಷ್ಟೂ ತಿಂಡಿ ಹೆಚ್ಚು ದಿನ ಬಾಳುತ್ತದೆ. ಆದ್ದರಿಂದ ಒಣ ತಿಂಡಿ ಮೊದಲು, ನೀರಿನ ಅಡುಗೆ ಕೊನೆಗೆ. ಮಂಗಳೂರು ಕಡೆಯ ಕ್ರೈಸ್ತರು ಕ್ರಿಸ್‌ಮಸ್ಸಿನ 'ಕುಸ್ವಾರ್' ತಿಂಡಿಗಳನ್ನು ಹಬ್ಬಕ್ಕೆ ಎಷ್ಟೋ ದಿನ ಮೊದಲೇ ಮಾಡಿ ಡಬ್ಬಿ ತುಂಬುವುದು ಇದೇ ಕಾರಣಕ್ಕೆ ಸಾಧ್ಯವಾಗಿದೆ.

ಡಿಸೆಂಬರ್ 15ರ ಸುಮಾರಿಗೆ: ಒಣದ್ರಾಕ್ಷಿ, ಖರ್ಜೂರ, ಚೆರ್ರಿಗಳನ್ನು ಕಿತ್ತಳೆ ರಸದಲ್ಲಿ ನೆನೆಹಾಕಿ ಫ್ರಿಜ್ಜಿನಲ್ಲಿಡಿ. ಮೂರ್ನಾಲ್ಕು ದಿನ ಸಾಕು. ಸುಕ್ಕುಗಟ್ಟಿದ ದ್ರಾಕ್ಷಿ ಉಬ್ಬುವುದು ಪಾಠದಲ್ಲಿ ಓದಿದ ಅಭಿಸರಣೆಯೇ. ದಿನಸಿ, ಎಣ್ಣೆ, ಬೆಲ್ಲ, ಹೆಚ್ಚುವರಿ ಸಿಲಿಂಡರ್ ಇದೆಯೇ ಎಂದು ಈಗಲೇ ನೋಡಿ.

18ರಿಂದ 21: ಚಕ್ಕುಲಿ, ಕರ್ಜಿಕಾಯಿ, ಕಲ್‌ಕಲ್, ಅಚ್ಚಿನ ಗುಲಾಬಿ ಹೂವು. ದಿನಕ್ಕೆ ಒಂದೇ ಬಗೆ. ಪೂರ್ತಿ ಆರಿದ ಮೇಲೆಯೇ ಡಬ್ಬಿಗೆ ಹಾಕಿ. ಬಿಸಿಯಲ್ಲಿ ಮುಚ್ಚಿದರೆ ಆವಿ ನೀರಾಗಿ ತಿಂಡಿ ಮೆತ್ತಗಾಗುತ್ತದೆ.

22: ಕೇಕು. ಒವನ್ ಇಲ್ಲದವರು ದಪ್ಪ ತಳದ ಹಳೆಯ ಪಾತ್ರೆಯಲ್ಲಿ ಒಂದಂಗುಲ ಮರಳು ಹರಡಿ, ಕಾಯಿಸಿ, ಅದರ ಮೇಲೆ ಕೇಕಿನ ತಟ್ಟೆಯಿಟ್ಟು ಸಣ್ಣ ಉರಿಯಲ್ಲಿ ಬೇಯಿಸಬಹುದು. ಮರಳು ಶಾಖವನ್ನು ಸಮವಾಗಿ ಹಂಚುತ್ತದೆ. ಮೊಟ್ಟೆ ಬೇಡವಾದರೆ ಮೊಸರು ಮತ್ತು ಅಡುಗೆ ಸೋಡಾ ಸಾಕು. ಮೊಸರಿನ ಆಮ್ಲ ಸೋಡಾದೊಂದಿಗೆ ಸೇರಿ ಇಂಗಾಲದ ಡೈಆಕ್ಸೈಡ್ ಬಿಡುಗಡೆಯಾಗಿ ಹಿಟ್ಟು ಉಬ್ಬುತ್ತದೆ. ಕಲಸಿದ ಕೂಡಲೇ ಒಲೆಗಿಡಬೇಕು, ತಡಮಾಡಿದರೆ ಅನಿಲ ಹಾರಿಹೋಗುತ್ತದೆ.

23: ಮಸಾಲೆ ಹುರಿದು ಪುಡಿಮಾಡಿ. ಕರೆಂಟನ್ನು ನಂಬಿ ಹಬ್ಬದ ಬೆಳಿಗ್ಗೆಗೆ ಮಿಕ್ಸಿ ಕೆಲಸ ಇಟ್ಟುಕೊಳ್ಳಬೇಡಿ.

24: ಇಡ್ಲಿ ಹಿಟ್ಟನ್ನು ಮಧ್ಯಾಹ್ನವೇ ರುಬ್ಬಿಡಿ. ಹಿಟ್ಟು ಹುದುಗಿಸುವ ಲ್ಯೂಕೊನೊಸ್ಟಾಕ್ ಮುಂತಾದ ಬ್ಯಾಕ್ಟೀರಿಯಾಗಳು ಚಳಿಯಲ್ಲಿ ನಿಧಾನ. ಪಾತ್ರೆಯನ್ನು ಕಂಬಳಿಯಲ್ಲಿ ಸುತ್ತಿ ಒಲೆಯ ಹತ್ತಿರ ಇಟ್ಟರೆ ಒಳ್ಳೆಯದು. ಬೆಳಿಗ್ಗೆಯೇ ನೆನೆಹಾಕಿದ ಅವರೆಕಾಳನ್ನು ಸಂಜೆ ಹಿತುಕುವ ಕೆಲಸ ಮಕ್ಕಳದು. ಗೋದಲಿಯ ಪಕ್ಕದಲ್ಲಿ ಕುಳಿತು ಹರಟುತ್ತಾ ನಾಲ್ಕು ಕೈ ಸೇರಿದರೆ ಬೇಗ ಮುಗಿಯುತ್ತದೆ.

25ರ ಬೆಳಿಗ್ಗೆಗೆ ಉಳಿಯುವುದು ಬೇಯಿಸುವುದಷ್ಟೇ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ನಮ್ಮ ಸೀಮೆಯಲ್ಲಿ ನೀರು 100 ಡಿಗ್ರಿಗಲ್ಲ, ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಕಾಳು ಬೇಯಲು ತುಸು ಹೆಚ್ಚು ಹೊತ್ತು ಬೇಕು. ಕುಕ್ಕರಿನೊಳಗಾದರೆ ಉಷ್ಣತೆ ಸುಮಾರು 120 ಡಿಗ್ರಿಗೆ ಏರುತ್ತದೆ. ಕುದಿಯುವ ನೀರಿಗೆ ಉರಿ ಎಷ್ಟು ಏರಿಸಿದರೂ ಅದರ ಉಷ್ಣತೆ ಏರದು, ಗ್ಯಾಸು ಮಾತ್ರ ಖರ್ಚು. ಕುದಿ ಬಂದ ಮೇಲೆ ಉರಿ ತಗ್ಗಿಸಿ, ಮುಚ್ಚಳ ಮುಚ್ಚಿ.

ನೆರೆಯವರ ಪಂಕ್ತಿ

ನಮ್ಮ ಕಡೆ ಹಬ್ಬವೆಂದರೆ ನೆರೆಹೊರೆಯವರಿಗೂ ತಟ್ಟೆ ಹೋಗಬೇಕು. ಜೈನ ನೆರೆಯವರನ್ನು ಕರೆಯುವವರು ಸಂಜೆ ನಾಲ್ಕಕ್ಕೆ ಕರೆಯುವುದು ಲೇಸು. ಮಾಂಸ, ಮೊಟ್ಟೆ, ಜೇನು ಅವರಿಗೆ ವರ್ಜ್ಯ. ವ್ರತಸ್ಥರು ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ, ಕ್ಯಾರೆಟ್‌ನಂಥ ನೆಲದೊಳಗೆ ಬೆಳೆಯುವುದನ್ನೂ ಮುಟ್ಟುವುದಿಲ್ಲ. ಚಕ್ಕುಲಿ, ಕರ್ಜಿಕಾಯಿಗಳನ್ನು ಮೊದಲ ದಿನವೇ ಹೊಸ ಎಣ್ಣೆಯಲ್ಲಿ ಕರಿದು, ಅವರಿಗೆಂದು ಬೇರೆ ಡಬ್ಬಿಯಲ್ಲಿಡಿ. ಮೊಟ್ಟೆ ಹಾಕಿದ ತಿಂಡಿ ಅದಕ್ಕೆ ಸೇರದಿರಲಿ. ಒಬ್ಬೊಬ್ಬರ ನಿಯಮ ಒಂದೊಂದು ಬಗೆಯಾದ್ದರಿಂದ 'ನಿಮಗೆ ಏನಾಗುತ್ತದೆ?' ಎಂದು ಮುಂಚೆಯೇ ಕೇಳುವುದರಲ್ಲಿ ಸಂಕೋಚವಿಲ್ಲ. ಬಹಳ ಕಟ್ಟುನಿಟ್ಟಿನವರಿಗೆ ಬಾಳೆಹಣ್ಣು, ಕಿತ್ತಳೆ ಕೊಟ್ಟರೂ ಪ್ರೀತಿ ಕಡಿಮೆಯಾಗದು. ಉಣ್ಣಲಾರದ್ದನ್ನು ಬಡಿಸಿ ಮುಜುಗರಪಡಿಸುವುದಕ್ಕಿಂತ ಉಣ್ಣಬಲ್ಲ ಒಂದನ್ನೇ ಕೊಡುವುದು ದೊಡ್ಡ ಸತ್ಕಾರ.

ಉಳಿದ ಅನ್ನದ ಎಚ್ಚರ

ಇಲ್ಲಿ ಮಾತ್ರ ಉದಾಸೀನ ಸಲ್ಲದು. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳಿರಬಹುದು. ಅನ್ನ ಬೆಂದರೂ ಅವು ಸಾಯುವುದಿಲ್ಲ. ಅನ್ನವನ್ನು ಹೊರಗೇ ಬಿಟ್ಟರೆ ಅವು ಮೊಳೆತು, ವೃದ್ಧಿಯಾಗಿ ವಿಷ ಉತ್ಪಾದಿಸುತ್ತವೆ. ಅದರಲ್ಲಿ ಒಂದು ಬಗೆಯ ವಿಷ ಮತ್ತೆ ಬಿಸಿಮಾಡಿದರೂ ನಾಶವಾಗದು. 'ಚೆನ್ನಾಗಿ ಕುದಿಸಿದ್ದೇವಲ್ಲ' ಎಂಬ ಸಮಾಧಾನಕ್ಕೆ ಇಲ್ಲಿ ಬೆಲೆಯಿಲ್ಲ.

5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಉಷ್ಣತೆ ಅಪಾಯದ ವಲಯ. ಅಡುಗೆ ಈ ವಲಯದಲ್ಲಿ ಎರಡು ತಾಸಿಗಿಂತ ಹೆಚ್ಚು ಇರಬಾರದು. ಉಳಿದ ಪಲಾವ್, ಕೋಳಿ ಸಾರುಗಳನ್ನು ದೊಡ್ಡ ಪಾತ್ರೆಯಲ್ಲೇ ಬಿಡದೆ ಅಗಲ ತಟ್ಟೆಗಳಿಗೆ ತೆಳುವಾಗಿ ಹರಡಿ, ಬೇಗ ಆರಿಸಿ ಫ್ರಿಜ್ಜಿಗಿಡಿ. ಫ್ರಿಜ್ಜಿಲ್ಲದ ಮನೆಯಲ್ಲಿ ಮೂರು ಗಂಟೆಯೊಳಗೆ ಹಂಚಿಬಿಡುವುದೇ ಸರಿ. ಮಿಕ್ಕ ಅನ್ನವನ್ನು ಮರುದಿನದ ಚಿತ್ರಾನ್ನಕ್ಕೆಂದು ರಾತ್ರಿಯೆಲ್ಲ ಹೊರಗಿಡುವ ಅಭ್ಯಾಸ ಹಬ್ಬದ ದಿನಕ್ಕಲ್ಲ, ಯಾವ ದಿನಕ್ಕೂ ಒಳ್ಳೆಯದಲ್ಲ. ಜನವರಿಯಲ್ಲಿ ಪೂರ್ವಸಿದ್ಧತಾ ಪರೀಕ್ಷೆ ಎದುರಿಸಬೇಕಾದ ಎಸ್ಸೆಸ್ಸೆಲ್ಸಿ ಮಕ್ಕಳ ಮನೆಯಲ್ಲಂತೂ ಹೊಟ್ಟೆಯ ತೊಂದರೆಗೆ ಎಡೆಗೊಡಬಾರದು.

ಕೊನೆಯದಾಗಿ ಕೆಲಸದ ಹಂಚಿಕೆ. 2018ರ ಮಹಾಮಸ್ತಕಾಭಿಷೇಕದ ಭೋಜನಶಾಲೆಗಳಲ್ಲಿ ಯಾತ್ರಿಕರಿಗೆ ಊಟ ನಡೆದದ್ದು ಒಬ್ಬರ ದುಡಿಮೆಯಿಂದಲ್ಲ. ಹೆಚ್ಚುವವರು, ಬೇಯಿಸುವವರು, ಬಡಿಸುವವರು, ತೊಳೆಯುವವರು ಸೇರಿದರೆ ತಾನೇ ಪಂಕ್ತಿ ಸಾಗುವುದು? ಮನೆಯಲ್ಲೂ ಹಾಗೆಯೇ ಆಗಲಿ. ಅಪ್ಪ ಸಾಮಾನು ತಂದು ಪಾತ್ರೆ ತೊಳೆಯಲಿ, ಮಗ ನೀರು-ಎಲೆ ನೋಡಿಕೊಳ್ಳಲಿ, ಮಗಳು ಹೇಗೆ ದುಡಿಯುತ್ತಾಳೋ ಮಗನೂ ಹಾಗೆಯೇ ದುಡಿಯಲಿ. ಎಲ್ಲವನ್ನೂ ಮೇಜಿನ ಮೇಲಿಟ್ಟು ಅಡುಗೆ ಮಾಡಿದವರನ್ನೂ ಮೊದಲ ಪಂಕ್ತಿಯಲ್ಲೇ ಕೂರಿಸಿ. ತಾಯಿ ಬಿಸಿ ಅನ್ನ ಉಂಡರೆ ವೇಳಾಪಟ್ಟಿ ಸರಿಯಾಗಿತ್ತು ಎಂದೇ ಲೆಕ್ಕ.